ಬೇಸ್ ಹಾಕಿಸಿದ ಗಾಡಿ

ಅದು ಕುರಿ ಮಾರಿ ಕೊಂಡ ಗಾಡಿ.

ಮಗ ಕಾಶೀನಾಥನಿಗೆ ಔರಾದದಲ್ಲಿ ಗುಮಾಸ್ತನ ಕೆಲಸ ಸಿಕ್ಕ ವರ್ಷ ಧೊಂಡಿಬಾ ತನ್ನ ಹಿಂಡಿನ ಅರ್ಧವನ್ನು ಸಂತೆಗೆ ಹೊಡೆದ. ಯಾರೋ ಡಾಕ್ಟರು ಓಡಿಸಿ ಬಿಟ್ಟಿದ್ದ ಆ ಬಿಳಿ ಸಣ್ಣ ಕಾರನ್ನು ತಂದು ಬೀದರದ ಮೈಲೂರಿನ ಮನೆಯ ಮುಂದೆ ನಿಲ್ಲಿಸಿದ. ಉಳಿದರ್ಧ ಹಿಂಡು ಹುಟ್ಟೂರು ಡಾಬಕಾದಲ್ಲಿ ಕಿರಿಯ ಮಗ ಅಶೋಕಕುಮಾರನ ಕೈಯಲ್ಲಿತ್ತು. ಆ ಕುರಿಗಳನ್ನು ಮನೆದೇವರು ಬೀರಪ್ಪ ಕಾಯುತ್ತಿದ್ದ. ಈ ಗಾಡಿಯನ್ನೂ ಅವನೇ ಕಾಯುತ್ತಿದ್ದಿರಬೇಕು. ಇಲ್ಲದಿದ್ದರೆ ಔರಾದದ ರಸ್ತೆಯಲ್ಲಿ ದಿನಾ ಹೋಗಿ ಬಂದೂ ಅದು ಇಷ್ಟು ವರ್ಷ ಬಾಳುತ್ತಿರಲಿಲ್ಲ.

ಕಾಶೀನಾಥ ಇದನ್ನು ಒಪ್ಪುತ್ತಿರಲಿಲ್ಲ. ಗಾಡಿ ಬಾಳಿದ್ದು ತಾನು ವೇಳೆಗೆ ಸರಿಯಾಗಿ ಎಣ್ಣೆ ಬದಲಿಸಿದ್ದರಿಂದ ಎನ್ನುತ್ತಿದ್ದ. ಕುರಿಯ ಮಾತನ್ನಂತೂ ಕಚೇರಿಯವರ ಮುಂದೆ ಎತ್ತುತ್ತಲೇ ಇರಲಿಲ್ಲ. "ನಮ್ಮ ಫಾದರು ಗಿಫ್ಟ್ ಕೊಟ್ಟಿದ್ದು" ಎನ್ನುತ್ತಿದ್ದ. ಫಾದರು ಎಂಬ ಆ ಮನುಷ್ಯ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ.

ಎಷ್ಟೋ ವರ್ಷಗಳ ಮೇಲೆ ಒಂದು ಖಂಡೇನವಮಿಯ ಆಯುಧಪೂಜೆಗೆ ಗಾಡಿ ತೊಳೆದು ಚೆಂಡುಹೂವಿನ ಮಾಲೆ ಹಾಕಿದರು. ಧೊಂಡಿಬಾ ಅದರ ಹಣೆಗೆ ಭಂಡಾರ ಹಚ್ಚಿದ. ಭಂಡಾರವೆಂದರೆ ಬೀರಪ್ಪನ ಗುಡಿಯ ಅರಿಸಿನ ಪುಡಿ. ಅದನ್ನು ಅಂಗೈಯಲ್ಲಿ ಹಿಡಿದು ಆಡಿದ ಮಾತನ್ನು ಆ ಮನೆತನದಲ್ಲಿ ಯಾರೂ ಮುರಿದಿರಲಿಲ್ಲ.

ಅಂದು ಕಾಶೀನಾಥನ ಮಗಳು ಕಾಜಲ ತನ್ನ ಹೊಸ ಲೈಸೆನ್ಸನ್ನು ದೇವರ ಮುಂದೆ ಇಟ್ಟಿದ್ದಳು. ಭಾಲ್ಕಿಯ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಮಧ್ಯಾಹ್ನದ ಹೊತ್ತಿನ ತಾತ್ಕಾಲಿಕ ಕೆಲಸವಿತ್ತು. ಬೆಳಗಿನ ಡ್ಯೂಟಿ ಹಿಡಿದರೆ ಕೆಲಸ ಕಾಯಂ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಆದರೆ ಬೆಳಗಿನ ರೋಗಿಗಳು ಉಪವಾಸ ಬಂದು ರಕ್ತ ಕೊಡಲು ಕೂತಿರುತ್ತಾರೆ. ಬೆಳಕು ಹರಿಯುವಾಗ ಅಲ್ಲಿರಬೇಕು. ಮೈಲೂರಿನಿಂದ ಹೊರಟು ಆ ಹೊತ್ತಿಗೆ ಭಾಲ್ಕಿ ಮುಟ್ಟಿಸುವ ಬಸ್ಸು ಇರಲಿಲ್ಲ.

"ಬೆಳಗಿನ ಡ್ಯೂಟಿ ಸಿಕ್ರ ಗಾಡಿ ನನಗ ಕೊಡ್ತೀರೇನ್ರಿ ಪಪ್ಪಾ?" ಎಂದು ಕಾಜಲ ಕೇಳಿದಳು.

ಕಾಶೀನಾಥ ತುಪ್ಪ ಸುರಿದುಕೊಂಡು ಹೋಳಿಗೆ ಉಂಡು ಸಂತುಷ್ಟನಾಗಿದ್ದ. "ಕೊಡ್ತೇನಿ. ನನಗೇನು, ಔರಾದಕ್ಕ ಬೇಕಾದಷ್ಟು ಬಸ್ ಅವ."

"ಹಂಗ ಬ್ಯಾಡ. ಭಂಡಾರ ಹಿಡ್ದು ಹೇಳು," ಎಂದಳು ಕಾಶೀನಾಥನ ತಾಯಿ ಅಂಜನಾಬಾಯಿ.

ಕಾಶೀನಾಥ ನಗುತ್ತ ಭಂಡಾರ ಹಿಡಿದ. "ಕಾಜಲಗ ಬೆಳಗಿನ ಡ್ಯೂಟಿ ಸಿಕ್ಕ ದಿನ ಈ ಗಾಡಿ ಆಕಿದು."

"ಕೇಳಿದೇನಪಾ ಬೀರಪ್ಪ?" ಎಂದಳು ಅಂಜನಾಬಾಯಿ. "ನೀ ಮರೆತರೂ ನಾ ಮರ್ಯಂಗಿಲ್ಲ."

ಧೊಂಡಿಬಾ "ಬೇಸ್ ಆಯ್ತು" ಎಂದ. ಅವನು ಒಪ್ಪಿದ್ದಕ್ಕೆಲ್ಲ ಅದೇ ಒಂದು ಮಾತು. ಮಳೆಯಾದರೆ ಬೇಸ್, ರೊಟ್ಟಿ ಮೆತ್ತಗಾದರೆ ಬೇಸ್, ಮರಿ ಹಾಲು ಕುಡಿದರೆ ಬೇಸ್. ಒಳ್ಳೆಯದು ಎನ್ನಲು ಆ ಸೀಮೆಯ ಜನರಿಗೆ ಅದಕ್ಕಿಂತ ಹೆಚ್ಚಿನ ಶಬ್ದ ಬೇಕಾಗಿಲ್ಲ.

ದೀಪಾವಳಿ ಕಳೆದ ವಾರ ಹೊಸ ಗಾಡಿ ತಂದವನು ಉತ್ತಮ.

ಉತ್ತಮ ಮತ್ತು ಜಿಜಾಬಾಯಿ ಕಾಶೀನಾಥನ ಕಚೇರಿಯವರು. ಪೆಟ್ರೋಲಿಗೆ ಪಾಲು ಕೊಟ್ಟು ಅವನ ಗಾಡಿಯಲ್ಲೇ ಔರಾದಕ್ಕೆ ಹೋಗಿ ಬರುತ್ತಿದ್ದರು. ಸ್ಟೇರಿಂಗ್ ಹಿಡಿಯುವವನು ಕಾಶೀನಾಥ, ದಾರಿಯ ಮೇಲೆ ಕಾಯುತ್ತ ನಿಲ್ಲುವವರು ಅವರು. ಕಚೇರಿಯಲ್ಲಿ ಎಲ್ಲಿಯೂ ಸಿಗದ ಒಂದು ದೊಡ್ಡಸ್ತಿಕೆ ಇದರಿಂದ ಅವನಿಗೆ ದಿನಕ್ಕೆರಡು ಸಲ ಸಿಗುತ್ತಿತ್ತು.

"ಇನ್ನ ಒಂದು ವಾರ ನಿಮ್ಮ ಗಾಡಿ, ಒಂದು ವಾರ ನಮ್ಮ ಗಾಡಿ ತಗೊಂಡು ಹೋಗಮ್ರಿ," ಎಂದ ಉತ್ತಮ. ಅವನ ಗಾಡಿಯ ಮುಂಭಾಗದಲ್ಲಿ ಊಟದ ತಾಟಿನಷ್ಟು ಅಗಲದ ಸ್ಕ್ರೀನು ಹೊಳೆಯುತ್ತಿತ್ತು.

ಜಿಜಾಬಾಯಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಿವೃತ್ತಿಗೆ ಹತ್ತಿರ ಬಂದಿದ್ದ, ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಹೇಳುವ ಹೆಂಗಸು. "ಕಾಶೀನಾಥರ ಗಾಡ್ಯಾಗ ಹಾಡು ಒಂದೇ ಕಿವಿಗಿ ಕೇಳ್ತದ ನೋಡ್ರಿ," ಎಂದು ನಕ್ಕರು.

ಅದು ನಿಜವೇ ಆಗಿತ್ತು. ಹಳೆಯ ಟೇಪಿಗೆ ಎಡಬಾಗಿಲಿನ ಸ್ಪೀಕರು ಮಾತ್ರ ಜೀವದಿಂದಿತ್ತು. ನಿಜವಾದ ಮಾತು ಕಾಶೀನಾಥನಿಗೆ ಬೈಗುಳದಂತೆ ತಾಗಿತು.

ಅಂದು ಸಂಜೆ ಹೆಂಡತಿ ಮಾಯಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಾಟಿಗೆ ಪುಂಡಿಪಲ್ಯ ಬಿದ್ದ ಕೂಡಲೇ ಕಾಶೀನಾಥ ವಿಷಯ ತೆಗೆದ.

"ಗಾಡಿಗಿ ಹೊಸಾ ಸ್ಟೀರಿಯೊ ಹಾಕಸ್ತೇನಿ. ಸ್ಕ್ರೀನಿಂದು. ನಾಲ್ಕೂ ಬಾಗಲಿಗಿ ಸ್ಪೀಕರು."

"ಯಾವ ಗಾಡಿಗಿ?" ಎಂದಳು ಮಾಯಾ, ತಿರುಗದೆ.

"ಯಾವ ಗಾಡಿ ಅಂದ್ರ? ನಮ್ಮ ಗಾಡಿಗಿ."

"ಅದು ಮಗಳಿಗಿ ಕೊಟ್ಟದ್ದಲಾ?"

"ಆಕಿಗೇ ಕೊಡ್ತೇನಿ. ಹಂಗೇ ಖಟಾರಾ ಕೊಟ್ರ ಬರೋಬರಿ ಕಾಣ್ತದೇನು? ಸುಧಾರ್ಸಿ ಕೊಡ್ತೇನಿ. ಆಕಿ ಸಲ್ಯಾಕೇ ಮಾಡ್ಸಲತ್ತೀನಿ."

"ನನಗ ಹಾಡು ಬ್ಯಾಡ್ರಿ ಪಪ್ಪಾ," ಎಂದಳು ಕಾಜಲ. "ಬ್ರೇಕ್ ಹಿಡೀತದ, ಲೈಟ್ ಹತ್ತತದ, ಸಾಕು."

"ಬ್ರೇಕ್ ಯಾರಿಗಿ ಕಾಣ್ತದ?" ಎಂದ ಕಾಶೀನಾಥ. ಹೇಳಿದ ಮೇಲೆ ತನ್ನ ಮಾತು ತನಗೇ ಸರಿಯೆನಿಸಿ ಇನ್ನೊಂದು ರೊಟ್ಟಿ ಕೇಳಿದ.

ಅಂಜನಾಬಾಯಿ ಗೋಡೆಗೆ ಒರಗಿ ಎಲೆ ಮಡಚುತ್ತಿದ್ದಳು. "ನಿನ್ನ ದೊಡ್ಡಪ್ಪ ಹಿಂಗೇ ಇದ್ದ. ಅಳಿಯಗ ಟಗರು ಕೊಡ್ತೀನಿ ಅಂತ ಹೇಳಿ, ಅದರ ಕೊಂಬಿಗಿ ಬಣ್ಣ ಹಚ್ಚಕೋತ ಕುಂತ. ಈ ಹಬ್ಬಕ್ಕ ಕೆಂಪು, ಮುಂದಿನ ಹಬ್ಬಕ್ಕ ಹಸರು. ಟಗರು ಮುದಿ ಆಗಿ ಸತ್ತು. ಅಳಿಯ ಕೊಂಬು ಒಯ್ದ."

ಮಾಯಾ ಬೆನ್ನು ತಿರುಗಿಸಿಕೊಂಡೇ ನಕ್ಕಳು. ಕಾಶೀನಾಥ ನಗಲಿಲ್ಲ. "ಕುರಿ ಬಿಟ್ರ ನಿಮಗ ಬ್ಯಾರೆ ಮಾತು ಗೊತ್ತಿಲ್ಲ," ಎಂದು ಎದ್ದು ಕೈ ತೊಳೆದ.

ರವಿವಾರ ನೌಬಾದದ ಕಡೆಯ ಫಕ್ರೋದ್ದೀನನ ಅಂಗಡಿಗೆ ಗಾಡಿ ಹೋಯಿತು. ಕಾಶೀನಾಥ ಹೊಳೆಯುವುದನ್ನೆಲ್ಲ ಮುಟ್ಟಿ ನೋಡಿ, ಉತ್ತಮನ ಸ್ಕ್ರೀನಿಗಿಂತ ಒಂದು ಬೆರಳು ದೊಡ್ಡದಾದ ಸ್ಕ್ರೀನು ಆರಿಸಿದ. ಅಷ್ಟರಲ್ಲಿ ಊಟದ ಹೊತ್ತಾಯಿತು. ಉತ್ತಮ ಹೊಸ ಗಾಡಿಯ ಪೂಜೆಗೆ ಕರೆದಿದ್ದ. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೋದರೆ ಊಟವಾದರೂ ಸಿಗುತ್ತದೆ. ಕಾವಲಿಗೆಂದು ಕರೆತಂದಿದ್ದ ತಂದೆಯನ್ನು ಸ್ಟೂಲಿನ ಮೇಲೆ ಕೂರಿಸಿದ.

"ಸಾಮಾನು ಬದ್ಲಿ ಮಾಡ್ತಾರ, ನಿಗಾ ಇಡು," ಎಂದು ಕಿವಿಯಲ್ಲಿ ಹೇಳಿದ. ಆಮೇಲೆ ಫಕ್ರೋದ್ದೀನನಿಗೆ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ, "ಏನರ ಕೇಳೋದಿದ್ರ ನಮ್ಮ ಫಾದರಿಗಿ ಕೇಳ್ರಿ. ಭಾರಿ ಇಂಜಿನಿಯರ್ ಇದ್ದಾರ," ಎಂದು ನಕ್ಕು ಹೋದ.

ಧೊಂಡಿಬಾ ಕಂಬಳಿಯನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತ. ಫಕ್ರೋದ್ದೀನ ಬಾಗಿಲುಗಳ ಒಳಹೊದಿಕೆಯನ್ನು ಕುರಿಯ ಚರ್ಮ ಸುಲಿದಂತೆ ಸುಲಿದ. ಒಳಗಿನಿಂದ ಕೆಂಪು ನೀಲಿ ವೈರುಗಳು ಕರುಳಿನಂತೆ ಹೊರಬಂದವು. ಹಳೆಯ ಟೇಪು ಕಿತ್ತುಬಂದಾಗ ಮುಂಭಾಗದಲ್ಲಿ ಒಂದು ಬಾಯಿ ತೆರೆದುಕೊಂಡಿತು. ಸ್ಕ್ರೀನು ಕೂತಿತು, ನಾಲ್ಕು ಸ್ಪೀಕರು ಕೂತವು. ಆಮೇಲೆ ಫಕ್ರೋದ್ದೀನ ಹಿಂದಿನ ಡಿಕ್ಕಿ ತೆರೆದು ನೋಡಿದ.

"ಕಾಕಾ, ಬೇಸ್ ಹಾಕ್ಲೇನ್ರಿ?"

"ಹಾಕಪಾ. ಬೇಸೇ ಹಾಕು."

"ಸಾಬರು ಏನೂ ಹೇಳಿಲ್ಲ ನೋಡ್ರಿ."

"ಬೇಸ್ ಹಾಕು ಅಂತ ಯಾರರ ಹೇಳಬೇಕೇನು?" ಎಂದ ಧೊಂಡಿಬಾ. "ಖರಾಬ್ ಹಾಕಂತಿದ್ರ ಹೇಳಬೇಕು."

ಫಕ್ರೋದ್ದೀನನಿಗೆ ಈ ಮುದುಕ ಹಿಡಿಸಿದ. ಇಷ್ಟು ಬೇಗ ಹೂಂ ಎನ್ನುವ ಗಿರಾಕಿ ಅವನಿಗೆ ಸಿಕ್ಕಿರಲಿಲ್ಲ. "ಖರೆ ಅದ ಕಾಕಾ. ಸಣ್ಣದು ಹಾಕ್ಲೋ, ದೊಡ್ಡದು ಹಾಕ್ಲೋ?"

ಧೊಂಡಿಬಾ ಸ್ವಲ್ಪ ಯೋಚಿಸಿದ. "ಬೇಸಿನ್ಯಾಗ ಸಣ್ಣದು ದೊಡ್ಡದು ಇರ್ತದೇನು? ಭಾಳ ಬೇಸ್ ಹಾಕು. ನನ್ನ ಮೊಮ್ಮಗಳ ಗಾಡಿ ಅದು."

"ಭಾಳ ಬೇಸ್," ಎಂದ ಫಕ್ರೋದ್ದೀನ. "ಸಮಜ್ ಗಯಾ."

ಕಾಶೀನಾಥ ಹೊಟ್ಟೆ ತುಂಬಿಸಿಕೊಂಡು ತಿರುಗಿ ಬಂದಾಗ ಡಿಕ್ಕಿಯ ತುಂಬ ಒಂದು ಕರಿ ಪೆಟ್ಟಿಗೆ ಕೂತಿತ್ತು. ಜೋಳದ ಕಣಜದಂಥ ಪೆಟ್ಟಿಗೆ. ಅದರ ನಡುವೆ ಹಿಟ್ಟು ನಾದುವ ಪರಾತದಷ್ಟು ಅಗಲದ ಸ್ಪೀಕರು. ಅದು ಹಿಡಿಸಲೆಂದು ಹಿಂದಿನ ಸೀಟಿನ ಬೆನ್ನನ್ನು ಗೋಡೆಯಂತೆ ನೆಟ್ಟಗೆ ಮಾಡಲಾಗಿತ್ತು.

"ಏನಿದು?"

"ಬೇಸ್ ಅದ್ರಿ," ಎಂದ ಫಕ್ರೋದ್ದೀನ.

"ಭಾಳ ಬೇಸ್," ಎಂದು ಧೊಂಡಿಬಾ ಸೇರಿಸಿದ. ಹೇಳಿದ ಕೆಲಸವನ್ನು ಸರಿಯಾಗಿ ಮಾಡಿಸಿದ ಸಮಾಧಾನ ಅವನ ಮುಖದಲ್ಲಿತ್ತು.

"ಯಾರ್ ಹಾಕಂದ್ರು ಇದು?"

"ಕಾಕಾ ಹೇಳಿದ್ರು. ಸಣ್ಣದೋ ದೊಡ್ಡದೋ ಅಂತನೂ ಕೇಳೀನ್ರಿ."

ಕಾಶೀನಾಥ ತಂದೆಯ ಕಡೆಗೆ ತಿರುಗಿದ. "ಅಪ್ಪಾ, ಬೇಸ್ ಅಂದ್ರ ಏನಂತ ಗೊತ್ತದೇನು ನಿನಗ?"

"ಹುಟ್ಟಿದಾಗಿಂದ ಗೊತ್ತದ."

"ಏನ್ ಗೊತ್ತದ ಮಣ್ಣು. ಇದು ನಿನ್ನ ಹಳ್ಳಿ ಬೇಸ್ ಅಲ್ಲ. ಇದು ಧಡ್ ಧಡ್ ಅನ್ನೋ ಚೀಜು, ಎದಿ ಒದೀತದ. ಕುರಿ ಜೋಡಿ ಇದ್ದು ಇದ್ದು ಕುರಿನೇ ಆಗೀದಿ ನೀ."

ಅಂಗಡಿಯಲ್ಲಿ ಇದ್ದ ನಾಲ್ಕಾರು ಜನ ನಕ್ಕರು. ಧೊಂಡಿಬಾ ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ.

"ತಗೀರಿ ಇದನ್ನ," ಎಂದ ಕಾಶೀನಾಥ.

"ಡಿಕ್ಕಿಗಿ ತೂತ ಹೊಡದೀನ್ರಿ, ಅಳತಿ ಪರಮಾಣೆ ಪೆಟಗಿ ಮಾಡೀನ್ರಿ. ಒಮ್ಮೆ ಕೇಳಿ ನೋಡ್ರಿ, ಆಮ್ಯಾಲ ಮಾತಾಡ್ರಿ."

ಫಕ್ರೋದ್ದೀನ ಗುಂಡಿ ತಿರುವಿದ. ನೆಲದೊಳಗಿಂದ ಯಾರೋ ಒನಕೆಯಲ್ಲಿ ಕುಟ್ಟಿದಂತಾಯಿತು. ಪಕ್ಕದ ಹೋಟೆಲಿನ ಚಹದ ಗ್ಲಾಸುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಬೈಕಿನ ಮೇಲೆ ಹೋಗುತ್ತಿದ್ದ ಇಬ್ಬರು ಹುಡುಗರು ನಿಂತು ತಿರುಗಿ ನೋಡಿದರು. ಅವರು ನೋಡಿದ್ದನ್ನು ಕಾಶೀನಾಥ ನೋಡಿದ. ಅವನ ಸಿಟ್ಟು ಅಲ್ಲೇ ಇಳಿಯಿತು, ಎದೆ ಉಬ್ಬಿತು. ಗಾಡಿ ಬೊಮ್ಮಗೊಂಡೇಶ್ವರ ಸರ್ಕಲ್ ದಾಟುವ ಹೊತ್ತಿಗೆ ಅದನ್ನು ಹಾಕಿಸಿದವನು ತಾನೇ ಎಂದು ಅವನಿಗೆ ಖಾತ್ರಿಯಾಗಿತ್ತು.

ಧೊಂಡಿಬಾ ಹಳೆಯ ಟೇಪು, ಸ್ಪೀಕರನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ಅಂಜನಾಬಾಯಿ ಟೇಪನ್ನು ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕಿಟ್ಟಳು. "ಇದರ ಉಪಯೋಗಕ್ಕ ಬಂತು," ಎಂದಳು.

ಸೋಮವಾರದಿಂದ ಕಾಶೀನಾಥನ ವಾರ. ಉತ್ತಮ ಮುಂದೆ ಕೂತ. ಜಿಜಾಬಾಯಿ ಹಿಂದಿನ ಸೀಟಿನಲ್ಲಿ ಮೊಳಕಾಲು ಮಡಚಿಕೊಂಡು, ಸಾಲಿ ಹುಡುಗಿಯಂತೆ ನೆಟ್ಟಗೆ ಕೂತರು. ಜನವಾಡ ಬರುವ ಮೊದಲೇ ಅವರ ಊಟದ ಡಬ್ಬಿಯ ಮುಚ್ಚಳ ತಾನಾಗಿ ಕುಣಿಯತೊಡಗಿತು.

"ಕಾಶೀನಾಥರ, ಜರಾ ಕಡಿಮಿ ಮಾಡ್ರಿ."

"ಇದು ಕಡಿಮಿ ಕೇಳೋ ಚೀಜ್ ಅಲ್ರಿ ಮೇಡಮ್."

"ಕೇಳಲಿಕ್ಕಿಲ್ರಿ. ನನ್ನ ಟೊಂಕಕ್ಕ ಯಾರೋ ಗುದ್ದಲತ್ತಂಗ ಆಗಲತ್ತದ."

"ಬೇಸ್ ಅಂದ್ರ ಹಂಗೇ ಇರ್ತದ್ರಿ," ಎಂದ ಕಾಶೀನಾಥ. ನಿನ್ನೆ ತಾನೇ ಕಲಿತ ಪಾಠವನ್ನು ಇಂದು ಮಂದಿಗೆ ಹೇಳುವ ಸುಖ ಅವನ ದನಿಯಲ್ಲಿತ್ತು.

ಮಾಂಜ್ರಾ ನದಿಯ ಸೇತುವೆಯ ಮೇಲೆ ಉತ್ತಮ ಕಿಟಕಿ ಇಳಿಸಿ ಮುಖವನ್ನು ಹೊರಗೆ ಹಾಕಿದ. ಔರಾದದಲ್ಲಿ ಇಳಿದಾಗ ಜಿಜಾಬಾಯಿ ಡಬ್ಬಿ ತೆರೆದು ನೋಡಿದರು. ಬ್ಯಾಳಿ ಚೆಲ್ಲಿ ಚಪಾತಿಯೆಲ್ಲ ತೊಯ್ದಿತ್ತು. "ನಿಮ್ಮ ಬೇಸು ನನ್ನ ಊಟ ಕಲಸಿ ಕೊಟ್ಟದ ನೋಡ್ರಿ," ಎಂದರು. ಆ ವಾರ ಹೇಗೋ ಮುಗಿಯಿತು. ಮುಂದಿನ ವಾರ ಉತ್ತಮನದು. ಅದು ಮುಗಿದ ಮೇಲೆ ಕಾಶೀನಾಥನ ವಾರ ಮತ್ತೆ ಬರಲೇ ಇಲ್ಲ. "ಡಾಕ್ಟರು ಟೊಂಕ ಜ್ವಾಕಿ ಅಂದಾರ್ರಿ," ಎಂದರು ಜಿಜಾಬಾಯಿ. ಉತ್ತಮ, "ಮೇಡಮ್ ಬರ್ತಾರಂದ್ಮ್ಯಾಲ ನಾ ಗಾಡಿ ತರಲೇಬೇಕಲ್ರಿ," ಎಂದ. ಇಬ್ಬರೂ ಬಹಳ ಮರ್ಯಾದೆಯಿಂದ ಮಾತಾಡಿದರು. ಕಾಶೀನಾಥ ಔರಾದಕ್ಕೆ ಒಬ್ಬನೇ ಹೋಗಿ ಬರತೊಡಗಿದ, ಮೊದಲಿಗಿಂತ ಜೋರಾಗಿ ಹಚ್ಚಿಕೊಂಡು.

ಮೊದಲೆಲ್ಲ ರವಿವಾರ ಬಿಟ್ಟು ರವಿವಾರ ಗಾಡಿ ಡಾಬಕಾಕ್ಕೆ ಹೋಗುತ್ತಿತ್ತು. ಡಿಕ್ಕಿಯಲ್ಲಿ ಕುರಿಗಳಿಗೆ ಶೇಂಗಾ ಹಿಂಡಿಯ ಚೀಲ, ಉಪ್ಪು, ಜಂತಿನ ಔಷಧ. ಬರುವಾಗ ಅಶೋಕಕುಮಾರ ಜೋಳ, ತೊಗರಿ ತುಂಬಿ ಕಳಿಸುತ್ತಿದ್ದ. ಆ ರವಿವಾರ ಧೊಂಡಿಬಾ ಚೀಲ ಹೊತ್ತು ಗಾಡಿಯ ಹತ್ತಿರ ಹೋದ.

"ಅದನ್ನ ಎಲ್ಲಿ ಇಡ್ತಿ?" ಎಂದ ಕಾಶೀನಾಥ.

"ಸೀಟಿನ ಮ್ಯಾಲ ಇಡ್ತೇನಿ."

"ಹಿಂಡಿ ಪುಡಿ ಸ್ಪೀಕರದಾಗ ಹೋಗ್ತದ. ಆ ಕಂಬಳಿ ಸುದ್ದಾ ಒಳಗ ತರಬ್ಯಾಡ ಇನ್ನ. ಕೂದಲು ಉದುರ್ತಾವ, ವಾಸನಿ ಕುಂಡರ್ತದ."

"ಮತ್ತ ಕುರಿಗಿ?"

"ಬಸ್ಸಿಗಿ ಹೋಗು. ಎಲ್ಲಾರೂ ಹೋಗ್ತಾರ."

ಧೊಂಡಿಬಾ ಚೀಲ ಹೊತ್ತು ಬಸ್ ಸ್ಟ್ಯಾಂಡಿನ ಕಡೆಗೆ ನಡೆದ. ಅಂಜನಾಬಾಯಿ ಬಾಗಿಲಲ್ಲಿ ನಿಂತಿದ್ದಳು. "ಕುರಿ ತಂದ ಗಾಡಿ, ಕುರಿ ಕೂಳಿಗಿ ಜಾಗ ಇಲ್ಲ. ಖಾಲಿ ಪೆಟಗಿ ಮೆರೀಲತ್ತದ," ಎಂದಳು.

"ಖಾಲಿ ಇಲ್ಲ ಅವ್ವಾ, ಅದರಾಗ ಸ್ಪೀಕರ್ ಅದ."

"ಖಾಲಿ ಇದ್ದದ್ದಕ್ಕೇ ಅಷ್ಟು ಬಡ್ಕೋತದ."

ಡಿಸೆಂಬರ್ ತಿಂಗಳ ಕೊನೆಯ ವಾರ ಕಾಜಲಳಿಗೆ ಬೆಳಗಿನ ಡ್ಯೂಟಿ ಸಿಕ್ಕಿತು. ಅವಳು ಬಂದು ಹೇಳಿದಾಗ ಕಾಶೀನಾಥ ಸುಸಲಾ ತಿನ್ನುತ್ತಿದ್ದ.

"ಛಲೋ ಆಯ್ತು," ಎಂದ. "ಒಂದ್ ಸಲ ಬಸ್ಸಿಗಿ ಹೋಗಿ ನೋಡು. ಏನ್ ಮಹಾ ಹೊತ್ತಾಗ್ತದ?"

ಅವಳು ಬಸ್ಸಿಗೆ ಹೋಗಿ ನೋಡಿದಳು. ದಾರಿ ನಡುವಿನ ಹಲಬರ್ಗಾದಲ್ಲೇ ಬಿಸಿಲು ಬಂದಿತ್ತು. ಲ್ಯಾಬಿನ ಮುಂದೆ ಸಕ್ಕರೆ ಕಾಯಿಲೆಯ ಒಬ್ಬ ಮುದುಕಿ ಹಸಿವಿನಿಂದ ನಡುಗುತ್ತ ಕೂತಿದ್ದಳು. "ನೀ ಉಂಡು ತಿಂದು ಬರೋತನ ನಾ ಸಾಯ್ಲೇನು?" ಎಂದು ಕಾಜಲಳ ಮುಖಕ್ಕೇ ಅಂದಳು. ಅಲ್ಲಿಯ ಡಾಕ್ಟರು, "ಸೋಮವಾರ ವೇಳಾಕ್ಕ ಬರೋದಿದ್ರ ಬಾರಮ್ಮ. ಇಲ್ಲಂದ್ರ ಭಾಲ್ಕ್ಯಾಗೇ ಇರೋ ಹುಡುಗಿ ನೋಡ್ತೇವಿ," ಎಂದರು.

ಅಂದು ಸಂಜೆ ತಾಟಿನ ಮುಂದೆ ಕೂತು ಕಾಜಲ ಇದನ್ನೆಲ್ಲ ಹೇಳಿದಳು. ಮಾಯಾ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಸೋಮವಾರ ಗಾಡಿ ಕೊಡ್ರಿ ಆಕಿಗಿ," ಎಂದಳು.

"ಅಷ್ಟು ರೊಕ್ಕದ ಸಿಸ್ಟಮ್ ಕುಂದರ್ಸೀನಿ. ಹುಡುಗಿ ಕೈಯಾಗ ಕೊಟ್ಟು ಭಾಲ್ಕ್ಯಾಗ ರಸ್ತಾದ ಮ್ಯಾಲ ನಿಂದ್ರಸ್ಲೇನು? ಒಬ್ಬ ಗಾಜು ಒಡ್ದು ಒಯ್ದ್ರ?"

"ಆಕಿ ಸಲ್ಯಾಕೇ ಹಾಕ್ಸಲತ್ತೀನಿ ಅಂದಿದ್ರಿ."

"ಅಂದಿದ್ದೆ. ಈಗ ಹಾಕಿಸಿದ ಮ್ಯಾಲ ಅದರ ಕಿಮ್ಮತ್ತು ತಿಳೀತು."

"ನೀವು ಔರಾದಕ್ಕ ಒಬ್ರೇ ಹೋಗ್ತೀರಿ ಪಪ್ಪಾ," ಎಂದಳು ಕಾಜಲ. ಅವಳ ದನಿ ಏರಿರಲಿಲ್ಲ. "ನಿಮ್ಮ ಜೋಡಿ ಕೂಡೋರು ಈಗ ಯಾರೂ ಇಲ್ಲ. ಆ ಪೆಟಗಿ ಒಂದೇ ಅದ."

ಆ ಮಾತು ತಾಗಬೇಕಾದಲ್ಲಿ ತಾಗಿತು. ಕಾಶೀನಾಥ ತಾಟು ಸರಿಸಿದ.

"ಭಂಡಾರ ಹಿಡ್ದಿದ್ದಿ ನೀ," ಎಂದಳು ಅಂಜನಾಬಾಯಿ. "ಈ ಗಾಡಿ ಆಕಿದು ಅಂತ ಹೇಳಿದ್ದಿ."

ಕಾಶೀನಾಥ ಕಚೇರಿಯಲ್ಲಿ ವರ್ಷಗಟ್ಟಲೆ ಮಂದಿಯ ಅರ್ಜಿಗಳನ್ನು ಒಂದಲ್ಲ ಒಂದು ಕಾರಣ ತೋರಿಸಿ ತಿರುಗಿಸಿ ಕಳಿಸಿದವನು. ಅವನಿಗೆ ಕಾರಣ ಹುಡುಕಲು ಹೊತ್ತು ಹಿಡಿಯಲಿಲ್ಲ.

"ಹೌದು, ಹಿಡ್ದಿದ್ದೆ. ಖಂಡೇನವಮಿ ದಿನ ಹಿಡ್ದಿದ್ದೆ. ಆವತ್ತು ಈ ಗಾಡಿ ಅಂದ್ರ ಹಳೀ ಗಾಡಿ. ಒಂದೇ ಸ್ಪೀಕರಿಂದು. ಹಾಳಾಗಿದ್ದು. ಭಂಡಾರ ಹಿಡ್ದಿದ್ದು ಅದಕ್ಕ. ಈಗ ನೋಡು, ಸ್ಕ್ರೀನು ಹೊಸದು, ಸ್ಪೀಕರು ಹೊಸದು, ಬೇಸು ಹೊಸದು. ಇದು ಹೊಸಾ ಗಾಡಿ. ಇದಕ್ಕ ನಾ ಭಂಡಾರ ಹಿಡ್ದಿಲ್ಲ. ದೇವರ ಮುಂದನೂ ಹಿಂಗೇ ಹೇಳ್ತೇನಿ."

ದೇವರನ್ನು ಹೀಗೆ ಕಚೇರಿಯ ಗಿರಾಕಿಯ ಹಾಗೆ ಬಾಗಿಲ ಹೊರಗೆ ನಿಲ್ಲಿಸಿದ್ದನ್ನು ಆ ಮನೆ ಮೊದಲು ಕಂಡಿರಲಿಲ್ಲ. ಕಾಜಲ ತಟ್ಟೆಯನ್ನು ನೋಡುತ್ತ ಕೂತಳು.

ಧೊಂಡಿಬಾ ಕೊನೆಯ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ. "ಬರೋಬರಿ ಅದ ನೀ ಹೇಳಿದ್ದು," ಎಂದ.

ಕಾಶೀನಾಥ ತಲೆಯೆತ್ತಿದ.

"ಹಳೀದು ಆಕಿದು. ಹೊಸದು ನಿಂದು. ಹಿಂಗೇ ಹೌದಲಾ?"

"ಹಾಂ. ಹಿಂಗೇ," ಎಂದ ಕಾಶೀನಾಥ. "ನೋಡು, ಅಪ್ಪಗ ತಿಳೀತು. ನಿಮಗ ತಿಳೀಲಿಲ್ಲ." ಹುಟ್ಟಿದಾಗಿನಿಂದ ತಂದೆಯ ಬುದ್ಧಿಯನ್ನು ಅವನು ಮೆಚ್ಚಿದ್ದು ಅದೊಂದೇ ಸಲ.

ರವಿವಾರ ಮಾಯಾ ಹೋಳಿಗೆ ಮಾಡಿದಳು.

"ಇವತ್ತೇನು ಹಬ್ಬ?" ಎಂದ ಕಾಶೀನಾಥ.

"ಹಬ್ಬಾನೇ ಅಂತ ತಿಳ್ಕೋರಿ," ಎಂದು ಅವಳು ತುಪ್ಪ ಸುರಿದಳು. ಮೂರನೆಯದಾದ ಮೇಲೆ ಅವನು ಸಾಕೆಂದ. ಅವಳು ಇನ್ನೊಂದು ಹಾಕಿದಳು. ಉಂಡವನು ಅಲ್ಲೇ ಚಾಪೆಯ ಮೇಲೆ ಮೈಚೆಲ್ಲಿ ಗೊರಕೆ ಹೊಡೆದ. ಧೊಂಡಿಬಾ ಮೊಳೆಗೆ ತೂಗಿಸಿದ್ದ ಕೀಲಿ ತೆಗೆದು ಕಾಜಲಳ ಕೈಗಿಟ್ಟ. ಅಂಜನಾಬಾಯಿ ಉಪ್ಪಿನಕಾಯಿ ಭರಣಿಯ ಮೇಲಿನಿಂದ ಟೇಪು ಎತ್ತಿ ಸೆರಗಿನಿಂದ ಒರೆಸಿ, ಹಳೆಯ ಸ್ಪೀಕರಿನ ಜೊತೆ ಕೊಟ್ಟಳು.

ಅಂಗಡಿಯ ಮುಂದೆ ಗಾಡಿ ನಿಂತಾಗ ಫಕ್ರೋದ್ದೀನ ಗಾಬರಿಯಾದ. "ಏನ್ ಖರಾಬ್ ಆಯ್ತು ಕಾಕಾ?"

"ಏನೂ ಖರಾಬ್ ಆಗಿಲ್ಲ," ಎಂದ ಧೊಂಡಿಬಾ. "ಬೇಸ್ ತಗದು ಬೇಸ್ ಮಾಡು."

ಫಕ್ರೋದ್ದೀನ ಒಂದು ಗಳಿಗೆ ಬಾಯಿ ತೆರೆದು ನಿಂತ. ಆಮೇಲೆ ಅವನಿಗೆ ಆ ಮೊದಲ ರವಿವಾರದ ಮಾತುಕತೆ ನೆನಪಾಯಿತು. ಎರಡೂ ಬೇಸುಗಳು ಅವನ ತಲೆಯಲ್ಲಿ ಬೇರೆ ಬೇರೆಯಾದವು. ಅವನು ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವತನಕ ನಕ್ಕ.

"ಸಾಬರು ಏನಂತಾರ್ರಿ ಕಾಕಾ?"

"ಸಾಬರೇ ಹೇಳ್ಯಾರ. ಹೊಸದೆಲ್ಲ ನಂದು, ಹಳೀದು ಮಗಳದು ಅಂತ. ದೇವರ ಮುಂದ ಹೇಳ್ತೇನಿ ಅಂದಾರ."

"ಈ ಟೇಪಿಗಿ ಉಪ್ಪಿನಕಾಯಿ ವಾಸನಿ ಬರಲತ್ತದಲ್ರಿ."

"ಬರಲಿ. ಹಾಡಿಗಿ ಬರಂಗಿಲ್ಲ."

ಕಾಶೀನಾಥ ಎದ್ದು ಚಹ ಕೇಳುತ್ತ ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಕಟ್ಟೆಯ ಮೇಲೆ ಧೊಂಡಿಬಾನ ಕಂಬಳಿ ಹಾಸಿತ್ತು. ಅದರ ಮೇಲೆ ಸ್ಕ್ರೀನು, ನಾಲ್ಕು ಸ್ಪೀಕರು, ಸುತ್ತಿಟ್ಟ ವೈರು, ಮಾರಲು ಕೂತವರ ಸಾಮಾನಿನಂತೆ ಒಪ್ಪವಾಗಿ ಹರಡಿದ್ದವು. ಪಕ್ಕದಲ್ಲಿ ಆ ಕರಿ ಪೆಟ್ಟಿಗೆ. ಅದರ ಮೇಲೆ ಅಂಜನಾಬಾಯಿ ಕೂತು ತೊಗರಿಬ್ಯಾಳಿ ಹಸನು ಮಾಡುತ್ತಿದ್ದಳು.

"ಇದು ನಿಂದು," ಎಂದ ಧೊಂಡಿಬಾ ಕಂಬಳಿಯ ಕಡೆಗೆ ಕೈ ತೋರಿಸಿ. "ಹೊಸದು. ಒಂದು ಮೊಳಿ ಸುದ್ದಾ ಕಡಿಮಿ ಇಲ್ಲ, ಎಣಿಸ್ಕೊ." ಆಮೇಲೆ ಗಾಡಿಯ ಕಡೆಗೆ ತೋರಿಸಿದ. "ಅದು ಆಕಿದು. ಹಳೀದು."

ಕಾಶೀನಾಥನ ಮುಖ ಕೆಂಪಾಯಿತು. ಅವನು ಕೂಗಿದ, ಯಾರ ಅಪ್ಪಣೆಯಿಂದ ಎಂದು ಕೇಳಿದ, ಪೊಲೀಸರ ಹೆಸರು ಕೂಡ ತೆಗೆದ. ಬಾಜೂ ಮನೆಯ ಕುಲಸುಮಬೀ ಬಟ್ಟೆ ಒಣಹಾಕುವುದನ್ನು ಬಿಟ್ಟು ನೋಡುತ್ತ ನಿಂತಳು.

"ಭಂಡಾರ ತರ್ಲೇನು?" ಎಂದಳು ಅಂಜನಾಬಾಯಿ, ಮೊರದಿಂದ ಕಣ್ಣೆತ್ತದೆ. "ಇನ್ನೊಮ್ಮೆ ಹಿಡ್ದು ಹೇಳ್ತಿಯೇನು, ನಾ ಅಂದಿದ್ದು ಇದಲ್ಲ ಅಂತ?"

ಕಾಶೀನಾಥ ಹೆಂಡತಿಯ ಕಡೆಗೆ ನೋಡಿದ.

"ಚಹ ಆಗ್ಯದ," ಎಂದಳು ಮಾಯಾ. "ಒಳಗ ಬಂದು ಕುಡೀರಿ. ಮಂದಿ ನೋಡಲತ್ತಾರ."

ಸೋಮವಾರ ಮಬ್ಬುಗತ್ತಲಲ್ಲಿ ಕಾಜಲ ಗಾಡಿ ಹೊರಗೆ ತೆಗೆದಳು. ಡಿಕ್ಕಿಯಲ್ಲಿ ಹಿಂಡಿಯ ಚೀಲವಿತ್ತು; ಧೊಂಡಿಬಾ ಭಾಲ್ಕಿಯವರೆಗೆ ಅವಳೊಂದಿಗೆ ಹೋಗಿ ಅಲ್ಲಿಂದ ಮುಂದೆ ಡಾಬಕಾಕ್ಕೆ ಬಸ್ಸು ಹಿಡಿಯುವವನಿದ್ದ. ಅವನು ಕಂಬಳಿಯನ್ನು ಹೊದ್ದು ಮುಂದಿನ ಸೀಟಿನಲ್ಲಿ ಕೂತ. ಹಳೆಯ ಟೇಪಿನ ರೇಡಿಯೊ ಗೊರಗೊರ ಎಂದು, ಕೊನೆಗೆ ಎಡಬಾಗಿಲಿನಿಂದ ಬೆಳಗಿನ ಭಜನೆ ಹಿಡಿಯಿತು. ಎಡಕ್ಕೆ ಕೂತವನು ಧೊಂಡಿಬಾ. ಅವನಿಗೆ ಅಷ್ಟು ಸಾಕಿತ್ತು. ಬೆಳಕು ಹರಿಯುವಾಗ ಕಾಜಲ ಲ್ಯಾಬಿನ ಬಾಗಿಲು ತೆರೆದಳು. ಅದೇ ಸಕ್ಕರೆಯ ಮುದುಕಿ ಬಂದಿದ್ದಳು. ಏನೂ ಅನ್ನದೆ ತೋಳು ಚಾಚಿದಳು.

ಅತ್ತ ಕಾಶೀನಾಥ ಡಬ್ಬಿ ಹಿಡಿದು ರಸ್ತೆಯ ಬದಿಗೆ ಹೋಗಿ ನಿಂತ. ಬಸ್ಸಿಗೆಂದೇ ಬಂದವನು ಎಂದು ತನಗೆ ತಾನು ಹೇಳಿಕೊಂಡ. ಎರಡು ಬಸ್ಸು ಬಂದು ಹೋದವು. ಉತ್ತಮನ ಗಾಡಿ ಬಂದಾಗ ಕೈಯೆತ್ತಿದ.

"ಗಾಡಿ ಕೆಟ್ಟದೇನ್ರಿ?" ಎಂದ ಉತ್ತಮ.

"ಮಗಳಿಗಿ ಗಿಫ್ಟ್ ಕೊಟ್ಟೀನ್ರಿ."

"ಭಾಳ ಛಲೋ ಮಾಡಿದ್ರಿ. ಹಿಂದ ಕೂಡ್ರಿ."

ಮುಂದೆ ಜಿಜಾಬಾಯಿ ಕೂತಿದ್ದರು. ಕಾಶೀನಾಥ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಜನವಾಡ ಹೋಯಿತು. ಆ ದೊಡ್ಡ ಸ್ಕ್ರೀನು ಕಪ್ಪಗೆ ಸುಮ್ಮನಿತ್ತು. ಗಾಡಿಯೊಳಗೆ ಚಕ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಹಾಡು ಹಚ್ಚಂಗಿಲ್ಲೇನ್ರಿ?"

"ನನಗ ಹಾಡಿನ ಹುಚ್ಚು ಇಲ್ರಿ," ಎಂದ ಉತ್ತಮ. "ಅದು ಗಾಡಿ ಜೋಡಿ ಬಂದದ. ಹಿಂದಕ್ಕ ತಗೊಳ್ವಾಗ ಜರಾ ರಸ್ತಾ ಕಾಣ್ತದ, ಅಷ್ಟೇ. ಒಮ್ಮೆನೂ ಹಚ್ಚಿಲ್ಲ."

ಗಾಡಿ ಮಾಂಜ್ರಾ ಸೇತುವೆ ಹತ್ತಿತು. ಕೆಳಗೆ ನೀರು ತೆಳ್ಳಗೆ ಹರಿಯುತ್ತಿತ್ತು. ಜಿಜಾಬಾಯಿ ಸೀಟಿಗೆ ಒರಗಿ ಕಾಲು ಚಾಚಿದರು.

"ಹಿಂಗ ಸುಮ್ಮ ಹೋಗೋದ್ರಾಗ ಎಷ್ಟು ಬೇಸ್ ಅದ ನೋಡ್ರಿ. ಅಲ್ರೀ ಕಾಶೀನಾಥರ?"

ಕಾಶೀನಾಥ ಸೇತುವೆ ದಾಟುವವರೆಗೆ ಹೊರಗೆ ನೋಡಿದ.

"ಬೇಸ್ ಅದ್ರಿ," ಎಂದ.